ಹೆಸರು ಸಿಗದಿದ್ದಾಗ

ಮೊನ್ನೆ ಯಲಹಂಕದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕುಳಿತಿದ್ದೆ. ರಿಪೋರ್ಟ್ ಬರುತ್ತಿಲ್ಲ, ಸ್ವಲ್ಪ ಕಾಯಬೇಕು ಎಂದಳು ಕೌಂಟರಿನವಳು. ಉಳಿದವರು ಗೊಣಗಿದರು. ನನಗೆ ಮಾತ್ರ ಅಲ್ಲಿನ ಸ್ಪಿರಿಟ್ ವಾಸನೆಗೆ ಹಳೆಯ ಸಿಟ್ಟೊಂದು ನೆತ್ತಿಗೇರಿತು. ನನ್ನ ಸಿಟ್ಟಿಗೆ ಮನೆಯಲ್ಲಿ ಮರ್ಯಾದೆಯಿಲ್ಲ. ಹಾಲಿನ ಪ್ಯಾಕೆಟ್ ಸೋರಿದರೂ ಇವಳಿಗೆ ಸಿಟ್ಟು ಬರುತ್ತದೆ ಎನ್ನುತ್ತಾರೆ. ಇದೊಂದು ಮಾತ್ರ ನ್ಯಾಯವೋ ಅಲ್ಲವೋ, ನೀವೇ ಕೇಳಿ ಹೇಳಿ.

ಆಗ ಸಹಕಾರನಗರದಲ್ಲಿ, ಟೈಲರ್ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಲ್ಯಾಬುಗಳು ರಿಪೋರ್ಟ್ ಮುದ್ರಿಸುವ ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಒಂದೊಂದು ಬಗೆಯ ರಿಪೋರ್ಟಿಗೆ ಒಂದೊಂದು ಕ್ಲಾಸ್, ಅಂದರೆ ಅದರ ಅಚ್ಚು. ಯಾವುದು ಬೇಕೆಂದು ಮೊದಲೇ ಕಟ್ಟಿಹಾಕದೆ, ಕ್ಲಾಸಿನ ಹೆಸರನ್ನು ಬರಿಯ ಅಕ್ಷರಗಳಾಗಿ ಸೆಟ್ಟಿಂಗಿನಲ್ಲಿ ಇಟ್ಟಿದ್ದೆ. ಪ್ರೋಗ್ರಾಂ ಓಡುವಾಗಲೇ ಆ ಹೆಸರಿನ ಕ್ಲಾಸನ್ನು ಹುಡುಕಿ ಆಬ್ಜೆಕ್ಟ್, ಅಂದರೆ ಆ ಅಚ್ಚಿನ ರಿಪೋರ್ಟ್, ಸೃಷ್ಟಿಸುತ್ತಿತ್ತು. ಹೊಸ ಬಗೆಯ ಪರೀಕ್ಷೆ ಬಂದರೆ ಹಳೆಯದನ್ನು ಮುಟ್ಟದೆ ಸೇರಿಸಬಹುದು. ಮೊದಲ ಸಲ ಅದು ಓಡಿದಾಗ ಎದ್ದು ನಿಂತು ಇಡೀ ಆಫೀಸಿಗೆ ಟೀ ಹೇಳಿದ್ದೆ. ಅಷ್ಟು ಜಂಬ.

ಇದಕ್ಕೊಂದು ಅಪಾಯವೂ ಉಂಟು. ಕೋಡಿನಲ್ಲಿ ಹೆಸರು ತಪ್ಪಿದರೆ, ಓಡಿಸುವ ಮೊದಲೇ ಅದನ್ನು ತಪಾಸಿಸುವ ಕಂಪೈಲರ್ ತಕ್ಷಣ ತಡೆಯುತ್ತದೆ. ಅಕ್ಷರಗಳಾಗಿ ಬರೆದಿಟ್ಟ ಹೆಸರನ್ನು ಅದು ನೋಡುವುದೇ ಇಲ್ಲ. ಹಾಗಾಗಿ ಹೆಸರು ಸಿಗದಿದ್ದರೆ ಕೆಲಸ ನಿಲ್ಲಬೇಕು, ಪರದೆಯ ಮೇಲೆ ಹಾಗೆಂದು ಕಾಣಬೇಕು ಎಂದು ಬರೆದಿದ್ದೆ. ನಮ್ಮ ಮೇಲಧಿಕಾರಿ ಮನೋಹರನಿಗೆ ಅದು ಹಿಡಿಸಲಿಲ್ಲ. ಸಿಗದಿದ್ದರೆ ಸಾಮಾನ್ಯ ರಿಪೋರ್ಟಿನ ಆಬ್ಜೆಕ್ಟನ್ನೇ ಮಾಡಿಕೊಡುವಂತೆ ತಾನೇ ಬದಲಿಸಿದ. ನಾನು ಜಗಳಕ್ಕೆ ನಿಂತೆ.

"ನೋಡಮ್ಮ, ಕಸ್ಟಮರ್‌ಗೆ ಎರರ್ ಕಾಣಬಾರ್ದು. ಏನೋ ಒಂದು ಬಂದ್ರೆ ಸಾಕು" ಎಂದ.

ಉದ್ದುದ್ದದ ಮೇಲ್ ಬರೆದೆ. ಅವನು ಓದಿದನೋ ಇಲ್ಲವೋ, ಬದಲಾವಣೆ ಮಾತ್ರ ಉಳಿಯಿತು.

ಕೆಲವು ತಿಂಗಳ ಮೇಲೆ, ಹೆಸರುಗಳು ಚೊಕ್ಕಟವಾಗಿಲ್ಲವೆಂದು ಮನೋಹರ ಕೆಲವು ಕ್ಲಾಸುಗಳಿಗೆ ಮರುನಾಮಕರಣ ಮಾಡಿದ. ಸೆಟ್ಟಿಂಗಿನಲ್ಲಿ ಹಳೆಯ ಹೆಸರುಗಳೇ ಉಳಿದವು. ಅದರಲ್ಲಿ ಒಂದು, ಗರ್ಭಿಣಿಯರ ಥೈರಾಯ್ಡ್ ರಿಪೋರ್ಟ್. ಗರ್ಭಿಣಿಯರಿಗೆ ಮಿತಿ ಬೇರೆ. ಉಳಿದವರಿಗೆ ಸರಿಯೆನಿಸುವ ಅಂಕಿ ಅವರಿಗೆ ಹೆಚ್ಚಾಗಿರಬಹುದು. ಹೆಸರು ಸಿಗಲಿಲ್ಲ, ಪ್ರೋಗ್ರಾಂ ತೆಪ್ಪಗೆ ಸಾಮಾನ್ಯ ರಿಪೋರ್ಟ್ ಮಾಡಿಕೊಟ್ಟಿತು. ಅಟ್ಟೂರಿನ ಲ್ಯಾಬೊಂದರಲ್ಲಿ ಶೋಭಾ ಎಂಬ ಬಸುರಿಯ ಕೈಗೆ "ನಾರ್ಮಲ್" ಎಂಬ ಕಾಗದ ಬಂತು. ಅವರು ನೆಮ್ಮದಿಯಾಗಿ ಮನೆಗೆ ಹೋದರು. ಮುಂದಿನ ತಪಾಸಣೆಯಲ್ಲಿ ಡಾಕ್ಟರು ಆ ಕಾಗದದಲ್ಲಿದ್ದ ಅಂಕಿ ನೋಡಿ ಗಾಬರಿಯಾಗಿ ಮಾತ್ರೆ ಶುರು ಮಾಡಿದರು.

ಶೋಭಾ, ಅವರ ಮನೆಯವರು ಎಲ್ಲ ಲ್ಯಾಬಿಗೆ ಬಂದು ಕೂಗಾಡಿದರು. ಮಾಲೀಕರು ನಮ್ಮನ್ನು ಕೇಳಿದರು. ಆಪರೇಟರ್ ತಪ್ಪು ಪರೀಕ್ಷೆ ಆರಿಸಿದ್ದಾರೆ ಎಂದು ಮನೋಹರ ಉತ್ತರ ಕಳಿಸಿದ. ಆಪರೇಟರ್ ಎಂದರೆ ಅಟ್ಟೂರಿನವಳೇ ಆದ ಮಂಜುಳಾ, ಅಲ್ಲಿನ ಟೆಕ್ನಿಷಿಯನ್. ಮರುದಿನದಿಂದ ಅವಳು ಕೆಲಸಕ್ಕೆ ಬರಬೇಕಿಲ್ಲ ಎಂದಾಯಿತು.

ಕೇಳಿದೊಡನೆ ಕೋಡು ತೆರೆದು ನೋಡಿದೆ, ಹೆಸರುಗಳು ತಾಳೆಯಾಗಲಿಲ್ಲ. ಯಾರನ್ನೂ ಕೇಳದೆ ಆಟೋ ಹತ್ತಿ ಲ್ಯಾಬಿಗೆ ಹೋದೆ. ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಪರೀಕ್ಷೆಯನ್ನು ಸರಿಯಾಗಿ ಆರಿಸಿ ಮುದ್ರಿಸಿದೆ. ಸಾಮಾನ್ಯ ರಿಪೋರ್ಟೇ ಬಂತು. ಮತ್ತೊಮ್ಮೆ ಮಾಡಲು ಅವರೇ ಹೇಳಿದರು, ಮತ್ತೆ ಅದೇ. ಆಮೇಲೆ ಆ ಬಗೆಯ ರಿಪೋರ್ಟುಗಳನ್ನೆಲ್ಲ ವಾಪಸ್ ತರಿಸಲು ಹೇಳಿ, ಮಂಜುಳಾಗೆ ಫೋನ್ ಮಾಡಿದರು.

ಅವಳು ಬಂದಳು, ಆದರೆ ಕುಳಿತುಕೊಳ್ಳಲಿಲ್ಲ. "ಕೆಲ್ಸದ ಮಾತು ಆಮೇಲೆ ಸಾರ್. ಆ ಅಕ್ಕ ನಮ್ಮೂರ್ನೋರ ಮುಂದೆ ನನ್ನ ಇಂಗೆ ಅಂಗೆ ಅಂದ್ಬಿಟ್ರು. ತಪ್ಪು ನಂದಲ್ಲ ಅಂತ ಅವ್ರಿಗೆ ಯೋಳಿ."

ಮನೋಹರ ಬರಲು ಒಪ್ಪಲಿಲ್ಲ, ಮೀಟಿಂಗ್ ಇತ್ತಂತೆ. ಮಾಲೀಕರು, ಮಂಜುಳಾ, ನಾನು, ಮೂವರೇ ಅಮೃತಹಳ್ಳಿಯ ಶೋಭಾ ಅವರ ಮನೆಗೆ ಹೋದೆವು. ಮಾಲೀಕರು ತಲೆ ತಗ್ಗಿಸಿ ಹೇಳಿದರು. ಶೋಭಾ ಮೊದಲು ಮಂಜುಳಾಳ ಕೈ ಹಿಡಿದುಕೊಂಡು ಪಕ್ಕದಲ್ಲಿ ಕೂರಿಸಿಕೊಂಡರು. ಆಮೇಲೆ ಹೆಸರು, ಕ್ಲಾಸು ಎಂದು ನಾನು ತೊದಲಿದ್ದನ್ನೆಲ್ಲ ಸಮಾಧಾನದಿಂದ ಕೇಳಿ, ಒಂದೇ ಪ್ರಶ್ನೆ ಕೇಳಿದರು.

"ಗೊತ್ತಿಲ್ಲ ಅಂತ ಪ್ರಿಂಟ್ ಆಗ್ಬೋದಿತ್ತಲ್ಲ ಮೇಡಂ?"

ನನ್ನ ಉದ್ದುದ್ದದ ಮೇಲುಗಳಲ್ಲಿ ಇಷ್ಟು ಚೆನ್ನಾಗಿ ಹೇಳಲು ನನಗಾಗಿರಲಿಲ್ಲ.

ಅವರಿಗೆ ಹೆಣ್ಣುಮಗುವಾಯಿತು, ಆರೋಗ್ಯವಾಗಿದೆ. ಮಂಜುಳಾ ಮತ್ತೆ ಕೆಲಸಕ್ಕೆ ಸೇರಿದಳು. ನಾನು ಆ ಆಫೀಸು ಬಿಟ್ಟೆ. ಮನೋಹರ? ಎಲ್ಲ ಸರಿಹೋಯಿತಲ್ಲ ಎಂದ. ಸರಿಹೋದದ್ದು ಡಾಕ್ಟರ ಕಣ್ಣಿನಿಂದ, ಅವನ ದೆಸೆಯಿಂದಲ್ಲ. ಈ ಸಿಟ್ಟು ಆರದಿರುವುದು ಅದಕ್ಕೇ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ನನ್ನ ಹಿಂದಿದ್ದ ಹಿರಿಯರೊಬ್ಬರು ಎದ್ದು ಕೌಂಟರಿಗೆ ಹೋಗಿ, ಎಷ್ಟು ಹೊತ್ತಮ್ಮ, ಯಾವುದೋ ಒಂದು ಕೊಟ್ಟು ಕಳಿಸು ಎಂದರು. ಕೌಂಟರಿನವಳು ಪರದೆ ನೋಡಿದಳು, ಅವರನ್ನು ನೋಡಿದಳು. ಕೂಗಾಡಲು ನಾನೂ ಎದ್ದೆ. ಬಾಯಿಂದ ಹೊರಟದ್ದು ಮಾತ್ರ ಬಹಳ ಮೆತ್ತಗೆ.

"ಬೇಡ ಸಾರ್. ನಿಮ್ಮದೇ ಬರ್ಲಿ. ಬನ್ನಿ, ಕೂತ್ಕೊಳೋಣ."

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. ಆದರೂ ಬಂದು ಪಕ್ಕದಲ್ಲಿ ಕುಳಿತರು.