ಇಂಜಿನ್ನಿಗೆ ಸಂಬಂಧ ನೋಡುತ್ತಿದ್ದ ಮುನಿರಾಜಣ್ಣ

ಮುನಿರಾಜಣ್ಣ ಗಾಡಿ ಟ್ಯೂನಿಂಗಿಗೆ ಕೂತರೆಂದರೆ ಚಿಕ್ಕಲಸಂದ್ರದ ಆ ಅಡ್ಡರಸ್ತೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಬಲಗಿವಿಯನ್ನು ಇಂಜಿನ್ನಿಗೆ ಕೊಟ್ಟು, ಎಡಗೈ ಮೇಲೆತ್ತಿಬಿಡುತ್ತಿದ್ದರು. ಸೊಪ್ಪಿನ ಗಾಡಿಯವನು ಮೈಕು ಆರಿಸಬೇಕು. ಎದುರು ಮನೆಯ ಆಂಟಿ ಮಿಕ್ಸಿ ನಿಲ್ಲಿಸಬೇಕು. ಒಮ್ಮೆ ಯಾರದೋ ಗೃಹಪ್ರವೇಶಕ್ಕೆ ಬಂದಿದ್ದ ವಾಲಗದವರನ್ನೇ ತಡೆದು, "ಎರಡು ನಿಮಿಷ ಸುಮ್ನಿರ್ರಪ್ಪಾ, ಗಾಡಿ ಏನೋ ಹೇಳ್ತಾ ಐತೆ" ಅಂದಿದ್ದರು. ಪುಣ್ಯಾತ್ಮರು ಸುಮ್ಮನಾದರು ಕೂಡ!

ಹಾಗಂತ ಹೊಟ್ಟೆಪಾಡಿಗೆ ಅವರು ಈ ಕೆಲಸ ಮಾಡಬೇಕಿರಲಿಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದ ಮೇಲೆ ಮೂರಂತಸ್ತು ಎದ್ದಿತ್ತು, ಬಾಡಿಗೆ ಬರುತ್ತಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಗ್ಯಾರೇಜು. "ಮೇಲೆ ಕೂತ್ಕೊಂಡು ಟಿವಿ ನೋಡಕ್ಕೆ ನಂಗೇನು ಬಂದೈತೆ ದೊಡ್ಡ ರೋಗ?" ಎನ್ನುತ್ತಿದ್ದರು.

ಅವರಲ್ಲಿ ಇಂಜಿನ್ನಿಗೆ ಗಾಳಿ-ಪೆಟ್ರೋಲು ಬೆರೆಸಿ ಕುಡಿಸುವ ಕಾರ್ಬುರೇಟರ್ ಬದಲಿಸುವುದೆಂದರೆ ಸಂಬಂಧ ಕುದುರಿಸಿದಂತೆ. ಹೆಣ್ಣಿನ ಕಡೆಯವರು ಕೇಳುವ ಹಾಗೆ ಪ್ರಶ್ನೆಗಳು. ದಿನಾ ಎಲ್ಲಿಗೆ ಹೋಗ್ತೀಯ? ಹಿಂದೆ ಯಾರು ಕೂರ್ತಾರೆ? ಸಿಗ್ನಲ್ಲಲ್ಲಿ ಗಾಡಿ ಆರಿಸ್ತೀಯೋ, ಗುರುಗುಟ್ಟಿಸ್ತೀಯೋ? ಬಿಟಿಎಂನಲ್ಲಿ ಬಾಡಿಗೆಗಿದ್ದ ಹುಬ್ಬಳ್ಳಿ ಕಡೆಯ ಒಬ್ಬಾತ ದೊಡ್ಡ ಬಾಯಿಯ ರೇಸ್ ಕಾರ್ಬುರೇಟರ್ ಹಿಡಿದು ಬಂದು, "ಇದನ್ನ ಹಾಕ್ರಿ ಅಣ್ಣಾರ, ಗಾಡಿ ಹಾರಬೇಕ್ ನೋಡ್ರಿ" ಅಂದ.

"ಎಲ್ಲಿಗಪ್ಪಾ ಹಾರ್ತೀಯ? ಮಡಿವಾಳದಿಂದ ಸಿಲ್ಕ್ ಬೋರ್ಡ್ ಟ್ರಾಫಿಕ್ಕಿಗಾ? ಅಂಗೈಯಗಲ ಹೊಟ್ಟೆ ಇರೋ ಇಂಜಿನ್ನು ಗುರು, ಅದಕ್ಕೆ ಬಕೆಟ್ಟಲ್ಲಿ ಕುಡಿಸ್ಬೇಡ" ಎಂದು ಬೈದು, ಕಾಫಿ ಕೊಟ್ಟು ಕಳಿಸಿದರು.

ನನ್ನದು ಇಪ್ಪತ್ತು ವರ್ಷ ದಾಟಿದ ಬೈಕು. ಬಿಳೇಕಹಳ್ಳಿಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ನಾನು ಡ್ಯೂಟಿಗೆ ಹೋಗಿಬರುವುದು ಅದರ ಮೇಲೆಯೇ. ಹಳೆಯ ಕಾರ್ಬುರೇಟರ್ ಸವೆದಿತ್ತು, ಕಂಪನಿಯದು ಎಲ್ಲೂ ಸಿಗುತ್ತಿರಲಿಲ್ಲ. ಗುಜರಿಗೆ ಹಾಕಿ ಸ್ಕೂಟರ್ ತಗೋ ಎಂದು ಮನೆಯಲ್ಲಿ ಎಲ್ಲರ ಉಪದೇಶ. ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುನಿರಾಜಣ್ಣ ಬೇರೆಯವರು ತಯಾರಿಸಿದ ಮೂರು ಕಾರ್ಬುರೇಟರ್ ತರಿಸಿ ಗೋಣಿಚೀಲದ ಮೇಲೆ ಇಟ್ಟರು. ಥಳಥಳ ಹೊಳೆಯುತ್ತಿದ್ದುದನ್ನು ಆಚೆ ತಳ್ಳಿದರು: "ಇದು ಶೋಕಿಲಾಲ. ಪೆಟ್ರೋಲ್ ಕುಡ್ಕ." ಎರಡನೆಯದರ ಒಳಗೆ ಬೆರಳಿಟ್ಟು ಅಲುಗಿಸಿದರು: "ಇದಕ್ಕೆ ಈಗ್ಲೇ ಮುಪ್ಪು." ಮೂರನೆಯದು ಮಂಕು ಬಣ್ಣದ್ದು, ಬಾಯಗಲ ಹಳೆಯದರಷ್ಟೇ. "ನೋಡಕ್ಕೆ ಸುಮಾರು. ಆದ್ರೆ ಇದರ ಜೆಟ್ಟು, ವಾಷರ್ರು ಎಲ್ಲಾ ಅಂಗಡೀಲೂ ಸಿಗ್ತದೆ. ಟ್ರಾಫಿಕ್ಕಲ್ಲಿ ನಿನ್ನ ಕೈ ಬಿಡಲ್ಲ. ಗಂಡು ಒಪ್ಪಿಗೇನಾ?"

"ಒಪ್ಪಿಗೆ ಅಣ್ಣಾ" ಎಂದು ನಾನೂ ನಾಚಿಕೊಂಡವಳ ಹಾಗೆ ನಟಿಸಿದೆ.

ಅದನ್ನು ಕೂರಿಸಿ, ಗಾಡಿ ಶುರು ಮಾಡಿ, ಕೈಯೆತ್ತಿದರು. ಬೀದಿ ಸುಮ್ಮನಾಯಿತು. ಆದರೆ ಅಂದು ಅವರು ಕಣ್ಣು ಮುಚ್ಚಿರಲಿಲ್ಲ. ನನ್ನ ಭುಜದಾಚೆ ನೋಡುತ್ತಿದ್ದರು. ತಿರುಗಿದರೆ ಬಾಗಿಲಲ್ಲಿ ಅವರ ಹೆಂಡತಿ ಗೌರಕ್ಕ ಅವರೆಕಾಯಿ ಸುಲಿಯುತ್ತಾ ಕೂತಿದ್ದಾರೆ. ಇವರು ಕಾರ್ಬುರೇಟರಿನ ಸ್ಕ್ರೂ ಚೂರು ತಿರುಗಿಸಿದರು. ಗೌರಕ್ಕ ಸಾಲದೆಂಬಂತೆ ತಲೆಯಾಡಿಸಿದರು. ಇನ್ನೊಂದು ಚೂರು. ಉಹೂಂ. ಮತ್ತೆ ಕೂದಲೆಳೆಯಷ್ಟು. ಆಕೆ ತಲೆದೂಗಿದರು. ಇವರು "ಕೇಳಿದ್ಯಾ, ಹೆಂಗೈತೆ!" ಎಂದು ಬೀಗುತ್ತಾ ಎದ್ದರು.

ನೀರಿನ ನೆಪದಲ್ಲಿ ಒಳಗೆ ಹೋದೆ. ಹಿಂದೆಯೇ ಎದ್ದು ಬಂದ ಗೌರಕ್ಕ ಲೋಟ ಕೊಡುತ್ತಾ ಪಿಸುಗುಟ್ಟಿದರು: "ನರ್ಸಮ್ಮ ನೀನು, ನಿನ್ನ ಕಣ್ಣು ತಪ್ಸಕ್ಕಾಗ್ತದಾ? ಅವರ ಕಿವಿ ಮಂದ ಆಗಿ ವರ್ಷದ ಮೇಲಾಯ್ತು. ಜೋರಾಗಿ ಮಾತಾಡಿದ್ರೆ ಕೇಳ್ತದೆ, ಇಂಜಿನ್ನಿನ ಸೂಕ್ಷ್ಮ ಗೊತ್ತಾಗಲ್ಲ. ಅವರೂ ಬಾಯ್ಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ. ಬೀದೀಲಿ ತಿಳಿದ್ರೆ ಯಾರು ಗಾಡಿ ತರ್ತಾರೆ? ಗ್ಯಾರೇಜ್ ಮುಚ್ಚಿದ್ರೆ ಈ ಮನುಷ್ಯ ಉಳಿಯಲ್ಲ ಕಣಮ್ಮ."

"ನಿಮಗೆ ಹೆಂಗೆ ಗೊತ್ತಾಗುತ್ತೆ ಅಕ್ಕಾ?"

"ಮದ್ವೆ ಆದಾಗಿಂದ ಇದೇ ಗುಡುಗುಡು. ಕೇಳಿ ಕೇಳಿ ತಲೆ ಚಿಟ್ಟು ಹಿಡ್ದೈತೆ. ಸೆಟ್ಟಿಂಗ್ ಸರಿಯಾದಾಗ ತಲೆನೋವು ಕಮ್ಮಿ ಆಗ್ತದೆ, ಅಷ್ಟೇ!"

ಇಬ್ಬರೂ ಬಾಯಿಗೆ ಸೆರಗು, ದುಪಟ್ಟಾ ಒತ್ತಿಕೊಂಡು ನಕ್ಕೆವು. ನಾನು ಯಾರ ಹತ್ತಿರವೂ ಉಸಿರೆತ್ತಲಿಲ್ಲ.

ಕಳೆದ ವರ್ಷ ಗೌರಕ್ಕ ಬೆಳಗಿನ ಕಾಫಿ ಕುಡಿದು ಕೂತವರು ಹಾಗೇ ಹೋಗಿಬಿಟ್ಟರು. ಕಾರ್ಯ ಮುಗಿದ ಮಾರನೆಯ ದಿನವೇ ಮುನಿರಾಜಣ್ಣ ಗ್ಯಾರೇಜಿನ ಬೋರ್ಡು ಇಳಿಸಿದರು. ದುಃಖಕ್ಕೆ ಬಿಟ್ಟರು ಪಾಪ ಎಂದು ಬೀದಿಯವರು ಮರುಗಿದರು. ಅದೇನೂ ಸುಳ್ಳಲ್ಲ.

ಮಗಳು ಅವರನ್ನು ಮೈಸೂರಿಗೆ ಕರೆದುಕೊಂಡು ಹೋಗುವ ಹಿಂದಿನ ವಾರ ನೋಡಲು ಹೋದೆ. ಬೇರೆ ಯಾರೋ ಕಾರ್ಬುರೇಟರ್ ಬಿಚ್ಚಿ ತೊಳೆದು ನನ್ನ ಬೈಕಿನ ಸೆಟ್ಟಿಂಗ್ ಕೆಡಿಸಿಟ್ಟಿದ್ದರು. ಗೇಟಿನ ಬಳಿ ಅದು ತಡವರಿಸುತ್ತಾ ನಿಂತಿತ್ತು. ಮುನಿರಾಜಣ್ಣ ಬಂದು ಟ್ಯಾಂಕಿನ ಮೇಲೆ ಅಂಗೈಯಿಟ್ಟು ಅದರ ಅದುರು ನೋಡಿದರು. ಒಳಗೆ ಹೋಗಿ ಸ್ಕ್ರೂಡ್ರೈವರ್ ತಂದು ಕೂತರು. ನನ್ನ ಮುಖ ನೋಡಿ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ, "ನಂಗೆ ಕೇಳ್ಸಲ್ಲ ಕಣಮ್ಮ. ನೀನೇ ಹೇಳು" ಅಂದರು.

ಅವರು ತಿರುಗಿಸಿದರು, ನಾನು ಬೇಡವೆಂದು ತಲೆಯಾಡಿಸಿದೆ. ಮತ್ತೆ ತಿರುಗಿಸಿದರು. ಸದ್ದು ಹದಕ್ಕೆ ಬಂದಂತೆ ಅನ್ನಿಸಿತು. ಅಳು ಮರೆಸುವ ಅವಸರದಲ್ಲಿ ಹೂಂ ಹೂಂ ಎಂದು ತಲೆದೂಗಿಬಿಟ್ಟೆ.

ಮುನಿರಾಜಣ್ಣ ಸ್ಕ್ರೂಡ್ರೈವರ್ ತೆಗೆಯಲಿಲ್ಲ.

"ಇಷ್ಟು ಬೇಗ ಒಪ್ಕೋಬೇಡ. ಇಷ್ಟಕ್ಕೆಲ್ಲ ಅವಳು ಒಪ್ತಿರ್ಲಿಲ್ಲ."