ಫೆಸ್ಟಸನ ನಾಲಿಗೆ, ಡೀಲಿಯಾಳ ಅಂಗೈ

ಕಣ್ಣಿಗೆ ಬಟ್ಟೆ ಕಟ್ಟಿ ಬೆಂದ ಆಲೂಗಡ್ಡೆ ಬಾಯಿಗಿಟ್ಟರೆ ಸಾಕು, ಅದು ಬೆಳೆದ ಹೊಲ ಯಾವುದೆಂದು ಫೆಸ್ಟಸ್ ಹೇಳಿಬಿಡುತ್ತಿದ್ದ. ಹೊಲವಷ್ಟೇ ಅಲ್ಲ, ಯಾವ ಸಾಲು, ಹಾಕಿದ್ದು ಕತ್ತೆ ಗೊಬ್ಬರವೋ ಕಡಲಪಾಚಿಯೋ ಎಂಬುದನ್ನೂ. ಐರ್ಲೆಂಡಿನ ಮೇಯೋ ಕರಾವಳಿಯಲ್ಲಿ ಹೊಲದ ಎಲ್ಲೆಯ ಜಗಳಗಳು ಕೋರ್ಟಿಗಿಂತ ಮೊದಲು ಆ ನಾಲಿಗೆಯ ಮುಂದೆ ಬರುತ್ತಿದ್ದವಂತೆ. ಪಾದ್ರಿಗಳೂ ಒಮ್ಮೆ ಪರೀಕ್ಷಿಸಿ, ಸೋತು, ಶಿಲುಬೆ ಗುರುತು ಹಾಕಿಕೊಂಡರಂತೆ.

ಇಂಥ ಮಹಾವೀರನಿಗೆ ಒಂದು ಬ್ರೆಡ್ಡು ಮಾಡಲು ಬರುತ್ತಿರಲಿಲ್ಲ. ಮದುವೆಯಾಗದ ಅಕ್ಕ ಡೀಲಿಯಾ ಐವತ್ತು ವರ್ಷ ದಿನವೂ ಮಜ್ಜಿಗೆ, ಅಡುಗೆ ಸೋಡಾ ಹಾಕಿ ಹಿಟ್ಟು ಕಲಸಿ, ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸಿದ್ದಳು. ಮದುವೆಯಾಗದ ತಮ್ಮ ತಿಂದಿದ್ದ. ಮಾರ್ಚಿನಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಮಾತು ಹೋಯಿತು, ಬಲಗೈ ಹೋಯಿತು, ಹಟ ಮಾತ್ರ ಉಳಿಯಿತು. ಗಂಜಿ ಉಗಿದಳು. ಅಂಗಡಿ ಬ್ರೆಡ್ಡು ಕಂಡರೆ ಗೋಡೆಗೆ ಮುಖ ತಿರುಗಿಸಿದಳು. "ಏನಾದರೂ ತಿನ್ನದಿದ್ರೆ ಈ ವಾರ ದಾಟೋದು ಕಷ್ಟ" ಎಂದು ಡಾಕ್ಟರು ಟೋಪಿ ಹಾಕಿಕೊಂಡು ಹೋದರು.

ಫೆಸ್ಟಸ್ ಅಕ್ಕನ ಏಪ್ರನ್ ಸೊಂಟಕ್ಕೆ ಬಿಗಿದು ರಣರಂಗಕ್ಕಿಳಿದ.

"ಸೋಡಾ ಎಷ್ಟು ಹಾಕ್ಲೇ, ಡೀಲಿಯಾ?"

ಅವಳು ಎಡ ಅಂಗೈಯನ್ನು ಕುಳಿ ಮಾಡಿ ತೋರಿಸಿದಳು. ಇವನೂ ತನ್ನ ಅಂಗೈ ಕುಳಿ ಮಾಡಿ ತುಂಬಿಕೊಂಡ. ಬ್ರೆಡ್ಡು ಹಳದಿಯಾಗಿ ಬಂತು, ವಿಷದಂಥ ಕಹಿ. ನಾಲಿಗೆ ತಕ್ಷಣ ತೀರ್ಪು ಕೊಟ್ಟಿತು: ಸೋಡಾ ಜಾಸ್ತಿ. ಮರುದಿನ ಚಿಟಿಕೆ ಹಾಕಿದ, ಕಲ್ಲಾಯಿತು. ನಾಲ್ಕು ದಿನ, ನಾಲ್ಕು ಬ್ರೆಡ್ಡು. ತಪ್ಪೇನೆಂದು ಹೇಳುವ ನಾಲಿಗೆ ಸರಿ ಎಷ್ಟೆಂದು ಹೇಳಲೊಲ್ಲದು.

ಪಕ್ಕದ ಮನೆಯ ವಿನಿ ಬಾಗಿಲಲ್ಲಿ ನಿಂತಳು. "ನೀನು ಎಸೆದ ಬ್ರೆಡ್ಡು ನೋಡಿ ನನ್ ಕೋಳಿಗಳು ಬೇಲಿ ಹಾರಿ ಓಡಿದ್ವು ಮಾರಾಯ! ನಾನೇ ಮಾಡ್ಕೊಡ್ಲೇನೋ?"

"ಮೊನ್ನೆ ನಿಂದೂ ಉಗುಳಿದ್ಲಲ್ಲೇ."

ಐದನೆಯ ದಿನ ಅಕ್ಕನ ಮುಖ ದಿಂಬಿನಷ್ಟೇ ಬಿಳಿಚಿಕೊಂಡಿತ್ತು. ಏನೂ ತೋಚದೆ ಫೆಸ್ಟಸ್ ಹಾಸಿಗೆಯ ಅಂಚಿಗೆ ಕುಳಿತು ಅವಳ ಕೈ ಹಿಡಿದ. ಅದು ಅವನ ಮುಷ್ಟಿಯೊಳಗೆ ಪೂರ್ತಿ ಮುಳುಗಿಹೋಯಿತು. ಅವನದು ಸನಿಕೆಯಂಥ ಅಂಗೈ, ಅವಳದು ಚಮಚದಂಥದ್ದು. ಐವತ್ತು ವರ್ಷದಲ್ಲಿ ಇದನ್ನು ನೋಡಿರಲೇ ಇಲ್ಲ.

ಎದ್ದು ಸೋಡಾ ಡಬ್ಬಿ ತಂದ. ಅವಳ ಅಂಗೈಗೆ ಮೆಲ್ಲಗೆ ಸುರಿದ. ಸಾಕೆನಿಸಿದಾಗ ಅವಳು ಬೆರಳು ಮಡಚಿದಳು. ಸೋಡಾದ ಗಂಟು ಉಜ್ಜಿ ಒಡೆಯಲು ಅವಳ ಬಲಗೈ ಏಳಲಿಲ್ಲ. ಆ ಕೆಲಸಕ್ಕೆ ಇವನು ತನ್ನ ಹೆಬ್ಬೆರಳು ಕೊಟ್ಟ.

ಆ ಬ್ರೆಡ್ಡು ಉಬ್ಬಿತು. ಬೆಣ್ಣೆ ಸವರಿ, ಚಹಾದಲ್ಲಿ ಅದ್ದಿ ಬಾಯಿಗಿಟ್ಟ. ಡೀಲಿಯಾ ನುಂಗಿದಳು. ಇನ್ನೊಂದು ತುತ್ತಿಗೆ ಬಾಯಿ ತೆರೆದಳು.

ಮತ್ತೆ ಬಾಗಿಲಿಗೆ ಬಂದು ನಿಂತಿದ್ದ ವಿನಿ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ಅಯ್ಯೋ ದೇವರೇ, ತಿಂದ್ಲಲ್ಲೋ! ಏನನ್ನುತ್ತಪ್ಪಾ ಈಗ ನಿನ್ ನಾಲಿಗೆ?"

ಫೆಸ್ಟಸ್ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಚಪ್ಪರಿಸಿದ.

"ಉಪ್ಪು ಹಾಕೋದು ಮರ್ತಿದ್ದೀನಿ," ಅಂದ.