ಆಮೆಯ ತಲೆಗಿಂತ ದೊಡ್ಡ ಕಲ್ಲು

ಗಾಜಕ್ಕ ಊಟವನ್ನೂ ನಿಂತೇ ಮಾಡುವವಳು. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ಗಂಡ ರೇಗಿಸುತ್ತಿದ್ದ. ತಂಗಿಯ ಮದುವೆಯ ಫೋಟೊದಲ್ಲಿ ಎಲ್ಲರ ಮುಖವೂ ಸ್ಪಷ್ಟವಾಗಿದ್ದರೆ ಇವಳದೊಂದೇ ಮಸುಕು. ಇಪ್ಪತ್ತೆರಡು ವರ್ಷಗಳಿಂದ ಗಾಜು ಕತ್ತರಿಸಿ, ಅಂಚಿಗೆ ಅಂಟು ಬಳಿದು, ಮೀನಿಗೂ ಆಮೆಗೂ ತೊಟ್ಟಿ ಕಟ್ಟಿಕೊಡುತ್ತಿದ್ದುದರಿಂದ ಗಾಜಕ್ಕ ಎಂಬ ಹೆಸರು. ಗಂಡನ ಹೊಲಿಗೆ ಅಂಗಡಿಗೂ ಸೈಕಲ್ ರಿಪೇರಿ ಅಂಗಡಿಗೂ ನಡುವೆ ಸಿಕ್ಕಿಕೊಂಡ ಉದ್ದನೆಯ ಕೋಣೆಯೇ ಅವಳ ಅಂಗಡಿ.

ಅವಳ ತೊಟ್ಟಿ ಒಂದು ಹನಿ ಸೋರಿದ್ದನ್ನು ಕಂಡವರಿಲ್ಲ. ಆದರೂ ಅವಳ ಹೆಮ್ಮೆಯೆಲ್ಲ ತಳದ ಮೇಲೆ. ಬಟಾಣಿ ಗಾತ್ರದ ನೀಲಿ, ಹಳದಿ, ಕೆಂಪು ಹರಳುಗಳನ್ನು ಹರಡಿ, ದೂರ ನಿಂತು, ತಲೆ ಓರೆ ಮಾಡಿ ನೋಡುವಳು. "ಬರೀ ಗಾಜಿನ ತಳ ಬೋಳುತಲೆ ಥರ ಕಾಣುತ್ತೆ" ಎಂದು ಕೊಳ್ಳುವವರಿಗೆಲ್ಲ ಹೇಳುತ್ತಿದ್ದಳು.

ಒಂದು ಬೆಳಿಗ್ಗೆ ನಿವೃತ್ತ ಬಸ್ ಕಂಡಕ್ಟರ್ ಬಂದರು. ಅವರ ಆಮೆಯ ಹೆಸರು ಫ್ರೀಪಾಸ್.

"ಅಮ್ಮಾ, ನಮ್ಮ ಫ್ರೀಪಾಸ್ ಐದು ದಿನದಿಂದ ಏನೂ ಮುಟ್ತಾ ಇಲ್ಲ."

"ನೀರು ತಣ್ಣಗಾಗಿರಬೇಕು ಸಾರ್. ಸ್ವಲ್ಪ ಬಿಸಿಲಿಗಿಡಿ, ಸರಿಹೋಗುತ್ತೆ."

ಕಂಡಕ್ಟರ್ ತಲೆಯಾಡಿಸಿ ಹೊರಟವರು ಮೆಟ್ಟಿಲ ಮೇಲೆ ನಿಂತರು. "ನೀರಲ್ಲಿ ಒಂದು ಮಗ್ಗುಲಿಗೆ ವಾಲಿಕೊಂಡು ತೇಲುತ್ತಮ್ಮಾ" ಅಂದು ಹೋದರು.

ಆ ಮಾತು ಗಾಜಕ್ಕನನ್ನು ಬಿಡಲಿಲ್ಲ. ಒಂದು ಗಾಜನ್ನು ಅಡ್ಡಾದಿಡ್ಡಿ ಕೊಯ್ದಳು. ಇನ್ನೊಂದರ ಅಳತೆಯನ್ನು ಮೂರು ಸಲ ತೆಗೆದಳು. ಮಧ್ಯಾಹ್ನವಾಗುತ್ತಿದ್ದಂತೆ ಶಟರ್ ಎಳೆದು ಅವರ ಮನೆಗೆ ಹೊರಟೇಬಿಟ್ಟಳು.

ಕಿಟಕಿಯ ಪಕ್ಕದ ತೊಟ್ಟಿಯಲ್ಲಿ ಆಮೆ ನಿಜವಾಗಿಯೂ ವಾಲಿಕೊಂಡಿತ್ತು. ಬಲಗಾಲು ಸುಮ್ಮನೆ ನೀರು ತಳ್ಳುತ್ತಿತ್ತು.

"ಮೊದಲೆಲ್ಲ ದಿನವಿಡೀ ತಳ ಕೆದಕ್ತಿತ್ತು" ಎಂದರು ಕಂಡಕ್ಟರ್. "ಕಲ್ಲು ಬಾಯಿಗೆ ಹಾಕ್ಕೊಳ್ಳೋದು, ಉಗಿಯೋದು. ಆಟ ಆಡ್ತಿದೆ ಅಂದ್ಕೊಂಡೆ."

"ಎಲ್ಲಾನೂ ಉಗೀತಿತ್ತಾ?"

"ಅದನ್ನ ಯಾರು ನೋಡ್ತಾ ಕೂತಿದ್ರಮ್ಮಾ?"

ಗಾಜಕ್ಕ ತೊಟ್ಟಿಗೆ ಕೈ ಇಳಿಸಿದಳು. ಆಮೆಯನ್ನು ಒದ್ದೆ ಬಟ್ಟೆ ಹಾಸಿದ ಬುಟ್ಟಿಗೆ ಹಾಕಿ, ಕಂಡಕ್ಟರನ್ನೂ ಹೊರಡಿಸಿಕೊಂಡು ಪಶುವೈದ್ಯೆಯ ಹತ್ತಿರ ಓಡಿದಳು. ಎಕ್ಸ್‌ರೇ ತೆಗೆದರು. ಚಿಪ್ಪಿನೊಳಗೆ ಹನ್ನೊಂದು ಬಿಳಿ ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು.

"ಈ ಕಲ್ಲುಗಳನ್ನ ಆಮೆ ತೊಟ್ಟಿಗೆ ಹಾಕಿದ ಪುಣ್ಯಾತ್ಮರು ಯಾರು?" ಎಂದು ಕೇಳಿದರು ಡಾಕ್ಟರಮ್ಮ.

ಕಂಡಕ್ಟರ್ ಗಂಟಲು ಸರಿಮಾಡಿಕೊಂಡು ಬೇರೆಲ್ಲೋ ನೋಡಿದರು.

"ನಾನೇ" ಎಂದಳು ಗಾಜಕ್ಕ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಬಾಯಿಗೆ ಹಿಡಿಸಿದ್ದೆಲ್ಲ ಆಮೆಗೆ ತಿಂಡಿಯೇ, ಕಲ್ಲು ಹಾಕುವುದಾದರೆ ಅದರ ತಲೆಗಿಂತ ದೊಡ್ಡದಾಗಿ, ಉರುಟಾಗಿ ಇರಬೇಕು, ಇಲ್ಲವಾದರೆ ಬರಿಯ ತಳವೇ ಕ್ಷೇಮ ಎಂದು ಸಮಾಧಾನವಾಗಿ ವಿವರಿಸಿದರು. ಔಷಧಿ ಕೊಟ್ಟು, ದಿನಾ ಉಗುರುಬೆಚ್ಚನೆಯ ನೀರಲ್ಲಿ ಕೂರಿಸಲು ಹೇಳಿದರು. ಹತ್ತು ದಿನದಲ್ಲಿ ಕಲ್ಲು ಇಳಿಯದಿದ್ದರೆ ಆಪರೇಷನ್. ಹೊರಡುವಾಗ ಒಂದು ಮಾತು ಕೇಳಿದರು: "ಇಂಥಾ ತೊಟ್ಟಿ ಇನ್ನೆಷ್ಟು ಮನೆಗೆ ಕೊಟ್ಟಿದ್ದೀರಿ?"

ಅವತ್ತಿನಿಂದ ಗಾಜಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕೊಂಡವರ ಹೆಸರುಗಳು ಅವಳಿಗೆ ನೆನಪಿರಲಿಲ್ಲ, ತೊಟ್ಟಿಗಳು ನೆನಪಿದ್ದವು. ಮೂರಡಿಯದು, ಹಸಿರು ಬಾಗಿಲಿನ ಮನೆ. ಮೂಲೆ ತೊಟ್ಟಿ, ಕ್ಷೌರದ ಅಂಗಡಿ. ರಟ್ಟಿನ ಮೇಲೆ ಬರೆಯುತ್ತಾ ಹೋದಳು. ಆಮೆ ಸಾಕಿದವರದು ಹದಿನಾಲ್ಕಾಯಿತು. ಮಾರನೆಯ ದಿನದಿಂದ ಮುಷ್ಟಿ ಗಾತ್ರದ ಹೊಳೆಗಲ್ಲುಗಳನ್ನು ಬಕೆಟ್ಟಿನಲ್ಲಿ ಹೊತ್ತು ಮನೆ ಮನೆ ಅಲೆದಳು.

ಹಸಿರು ಬಾಗಿಲಿನ ಮನೆಯಾಕೆ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು. "ಬಣ್ಣ ತೆಗೆದ್ರೆ ಕಳೆ ಎಲ್ಲಿರುತ್ತೆ? ಬೋಳುತಲೆ ಅಂತ ಹೇಳಿದ್ದು ನೀವೇ ತಾನೆ?"

"ಹೇಳಿದ್ದೆ ತಾಯಿ. ತಪ್ಪು ಹೇಳಿದ್ದೆ" ಎನ್ನುವಷ್ಟರಲ್ಲಿ ಗಾಜಕ್ಕ ಆಗಲೇ ತೋಳು ಮಡಿಸಿ ನೀರಿಗೆ ಕೈ ಹಾಕಿಯಾಗಿತ್ತು.

ಕ್ಷೌರದ ಅಂಗಡಿಯಲ್ಲಿ ಅವಳು ಒಳಗೆ ಕಾಲಿಡುವ ಹೊತ್ತಿಗೆ ಸರಿಯಾಗಿ ಆಮೆ ಒಂದು ಕೆಂಪು ಹರಳನ್ನು ಕಚ್ಚಿಕೊಂಡಿತ್ತು. ಗಾಜಕ್ಕ ಬಕೆಟ್ ಕುಕ್ಕಿ, ಕುರ್ಚಿಯಲ್ಲಿದ್ದವನ ಅರ್ಧ ಬೋಳಿಸಿದ ಗಡ್ಡದ ಮುಂದಿಂದಲೇ ಕೈ ಚಾಚಿ ನೀರಿಗೆ ಇಳಿಸಿದಳು. ಆಮೆ ಹರಳು ಬಿಟ್ಟು ಅವಳ ಬೆರಳು ಹಿಡಿಯಿತು. ರಕ್ತ ಬಂತು.

"ಕಚ್ಚಲಿ ಬಿಡಿ, ಬೆರಳನ್ನಂತೂ ನುಂಗಲ್ಲ" ಎಂದಳು. ಕ್ಷೌರಿಕ ಗಡ್ಡ ಬೋಳಿಸಿದ ಮೇಲೆ ಹಚ್ಚುವ ಪಟಿಕದ ಕಲ್ಲನ್ನು ಅವಳ ಗಾಯಕ್ಕೆ ಉಜ್ಜಿದ.

ಗಂಡ ಮಷಿನ್ ನಿಲ್ಲಿಸಿ ಬೇಡಿಕೊಂಡ. "ಒಂದು ಗಳಿಗೆ ಕೂತ್ಕೊಳ್ಳೇ ಮಾರಾಯ್ತಿ."

"ಕೂತ್ರೆ ಆ ಚುಕ್ಕೆಗಳೇ ಕಣ್ಮುಂದೆ ಬರ್ತವೆ ಕಣ್ರೀ."

ಮಧ್ಯೆ ಮಧ್ಯೆ ಕಂಡಕ್ಟರ್ ಮನೆಗೂ ಓಡಿ, ಆಮೆಯನ್ನು ಕೂರಿಸಿದ ಬಚ್ಚಲ ಬೇಸಿನ್ನಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಕಾಯುವಳು. ನಾಲ್ಕನೆಯ ದಿನ ಮೂರು ಕಲ್ಲು ಇಳಿದವು. ಆರನೆಯ ದಿನ ಇನ್ನೈದು. ಆಮೇಲೆ ಮೂರು ದಿನ ಏನೂ ಇಲ್ಲ. ಆಪರೇಷನ್ನಿಗೆ ಹೊತ್ತು ನಿಗದಿಯಾಯಿತು. ಹತ್ತನೆಯ ಬೆಳಿಗ್ಗೆ ಕಂಡಕ್ಟರ್ ಬನಿಯನ್ನಿನಲ್ಲೇ ಬೀದಿಯುದ್ದ ಓಡಿಬಂದು, ಅಂಗಡಿಯ ಮುಂದೆ ಅಂಗೈ ಬಿಚ್ಚಿದರು. ಮೂರು ನೀಲಿ ಹರಳು.

"ಕೊನೇ ಸ್ಟಾಪು, ಎಲ್ಲಾ ಇಳಿದ್ರಮ್ಮಾ!"

ಗಾಜಕ್ಕ ಅಳುತ್ತಾ ನಕ್ಕಳು. ಆದರೂ ಆಪರೇಷನ್ ಬೇಡವೆಂದು ಡಾಕ್ಟರಮ್ಮನ ಬಾಯಿಂದಲೇ ಕೇಳುವ ತನಕ ನಂಬಲಿಲ್ಲ. ಫ್ರೀಪಾಸ್ ಬದುಕಿತು. ಎರಡು ವಾರದಲ್ಲಿ ನೆಟ್ಟಗೆ ಈಜತೊಡಗಿತು.

ಹದಿಮೂರು ಮನೆಗಳ ತಳ ಬದಲಾಯಿತು. ಹದಿನಾಲ್ಕನೆಯ ಮನೆಗೆ ಮಾತ್ರ ಬೀಗ. ಅಲ್ಲಿದ್ದವರು ಗಂಡ, ಹೆಂಡತಿ, ಉದ್ದ ಜಡೆಯ ಮಗಳು. ತೊಟ್ಟಿ ಸಮೇತ ಮನೆ ಖಾಲಿ ಮಾಡಿದ್ದರು. ಎಲ್ಲಿಗೆ ಎಂದು ಪಕ್ಕದವರಿಗೆ ಗೊತ್ತಿಲ್ಲ, ಅಂಚೆಯವನಿಗೂ ಗೊತ್ತಿಲ್ಲ. ಸಾಮಾನು ಸಾಗಿಸಿದ ಲಾರಿಯವನನ್ನು ಹುಡುಕಿ ಹಿಡಿದರೆ, ಅವನಿಗೆ ಆ ಬೀದಿಯೇ ನೆನಪಿರಲಿಲ್ಲ.

ಈಗ ಆಮೆ ತೊಟ್ಟಿ ಬೇಕೆಂದವರು ಆಮೆಯನ್ನು ಕರೆತಂದು ತೋರಿಸಬೇಕು. ಗಾಜಕ್ಕ ಮೊದಲು ಅದರ ತಲೆ ನೋಡಿ, ಆಮೇಲೆ ಕಲ್ಲು ಆರಿಸುತ್ತಾಳೆ. ಬೀದಿಯಲ್ಲಿ ಉದ್ದ ಜಡೆ ಕಂಡರೆ ಮಾಡುವ ಕೆಲಸ ಬಿಟ್ಟು ಹಿಂದೆ ಓಡುತ್ತಾಳೆ. ಮೊನ್ನೆಯೂ ಒಬ್ಬಳನ್ನು ಅಡ್ಡಗಟ್ಟಿದಳು. ಮುಖ ಬೇರೆ. ಆದರೂ ಏದುಸಿರಿನಲ್ಲೇ ಕೇಳಿದಳು: "ನಿಮ್ಮ ಮನೇಲಿ ಆಮೆ ಇದೆಯೇನಮ್ಮಾ?"

ಆ ಹುಡುಗಿ ಬೆಚ್ಚಿ, ಇಲ್ಲವೆಂದು ತಲೆಯಲ್ಲಾಡಿಸಿದಳು.